ಏಳನೇ ಹಾಸಿಗೆಯ ಒಂದು ನಿಮಿಷ

ಮಾರ್ಚ್ ೯, ಭಾನುವಾರ
ಅಡುಗೆಮನೆಯ ಮೇಜು

ನನ್ನ ಮುದ್ದು ಪಿಟೀಲೇ,

ಡಾಕ್ಟರಾದರೂ ನಿನಗೆ ಈ ಹೆಸರು ತಪ್ಪಿದ್ದಲ್ಲ. ತೊಟ್ಟಿಲಲ್ಲಿ ನೀನು ಕುಯ್ಯೆಂದದ್ದನ್ನು ಬೀದಿಯವರು ಮರೆತಿರಬಹುದು, ನನ್ನ ಕಿವಿ ಮರೆತಿಲ್ಲ.

ಲೈಸೆನ್ಸ್ ಅರ್ಜಿಯ ಕರಡು ತಲುಪಿತು. ಇಪ್ಪತ್ತು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವಳಿಗೆ ಇದೇನು ಮಹಾ ಎಂದು ಕೆಂಪು ಪೆನ್ನು ಹಿಡಿದು ಕೂತೆ. ನಿಮ್ಮಪ್ಪ ಇಣುಕಿ, ಮಗಳ ಹಣೆಬರಹಕ್ಕೂ ಗೀಟು ಹಾಕ್ತೀಯೇನೇ ಅಂದರು. ಹದಿಮೂರನೇ ಪ್ರಶ್ನೆಯವರೆಗೆ ಒಂದು ಗೀಟೂ ಬೀಳಲಿಲ್ಲ. ಹದಿನಾಲ್ಕನೆಯದು: ತರಬೇತಿಯಲ್ಲಿ ಎಂದಾದರೂ ಅಮಾನತಾಗಿದ್ದಿರಾ? ವಿವರಿಸಿ.

ಹೌದು ಎಂದು ಬರೆದಿದ್ದೀಯ. ನೀನು ಮನೆಯಲ್ಲಿ ಕೂತ ಆ ವರ್ಷ ನಾನು ನೆಂಟರಿಗೆಲ್ಲ ಕಾಮಾಲೆ ಅಂದಿದ್ದೆ. ವರ್ಷವಿಡೀ ಕಾಮಾಲೆ! ನಂಬಿದ ಪುಣ್ಯಾತ್ಮರೂ ಇದ್ದರು. ನಿನ್ನ ಅತ್ತೆ ಇವತ್ತಿಗೂ ನಿನಗೆ ಕರಿದದ್ದು ಬಡಿಸುವುದಿಲ್ಲ. ನಿನಗೆ ನನಗಿಂತ ಧೈರ್ಯ ಹೆಚ್ಚು.

ಆದರೆ ವಿವರಣೆ ಓದಿದೆ. ‘ಕೆಲಸದ ಒತ್ತಡದಿಂದ ದಾಖಲೆಯಲ್ಲಿ ಲೋಪವಾಯಿತು.’ ಅದಕ್ಕೆ ಗೀಟು ಹಾಕಿದ್ದೇನೆ.

ಆವತ್ತು ನೀನೇ ನನ್ನ ಮಡಿಲಲ್ಲಿ ತಲೆಯಿಟ್ಟು ಹೇಳಿದ್ದೆ. ಉಸಿರು ಎಣಿಸೋಕೆ ಪೂರ್ತಿ ಒಂದು ನಿಮಿಷ ಹಾಸಿಗೆ ಪಕ್ಕ ನಿಲ್ಲಬೇಕಮ್ಮ, ಯಾರೂ ನಿಲ್ಲಲ್ಲ, ಎಲ್ಲರೂ ಹದಿನೆಂಟು ಅಂತ ಗೀಚ್ತಾರೆ, ನಾನೂ ಗೀಚಿದೆ ಅಂತ. ಹನ್ನೆರಡು ಹಾಸಿಗೆ, ಹನ್ನೆರಡಕ್ಕೂ ಹದಿನೆಂಟು. ಒಂದು ಗಂಟೆ ಕಳೆದು ಹಿರಿಯ ನರ್ಸ್ ಏಳನೇ ಹಾಸಿಗೆಯ ಹತ್ತಿರ ನಿಂತು ಎಣಿಸಿದರೆ ಮೂವತ್ತನಾಲ್ಕು. ಕತ್ತಲಾಗುವ ಹೊತ್ತಿಗೆ ಆ ಹಾಸಿಗೆಯ ಹೆಂಗಸು ಬದುಕಿರಲಿಲ್ಲ.

ದಿನಾ ನಿನ್ನನ್ನು ಡಾಕ್ಟ್ರಮ್ಮಾ, ಊಟ ಆಯ್ತಾ ಎಂದು ಕೇಳುತ್ತಿದ್ದವಳು. ಕರಡಿನಲ್ಲಿ ಅವಳೆಲ್ಲಿ?

ಹೀಗೆ ಬರೆ: ಎಣಿಸಲಿಲ್ಲ, ಎಣಿಸಿದೆನೆಂದು ಬರೆದೆ, ಆಕೆ ತೀರಿಕೊಂಡಳು. ಲೈಸೆನ್ಸ್ ಕೊಡದೇ ಹೋದ್ರೆ ಏನಮ್ಮಾ ಗತಿ ಅಂದೆಯಲ್ಲ ಮೊನ್ನೆ. ಗೊತ್ತಿಲ್ಲ ಕಂದಾ. ಮಾತುಮಾತಿಗೆ ಪ್ರಾಸ ಹುಟ್ಟುವ ಬಾಯಿ ನನ್ನದು, ಆದರೂ ಸುಳ್ಳು ಸಮಾಧಾನ ಕಟ್ಟಲಾರೆ.

ಉಸಿರು ಎಣಿಸಬೇಕಿದ್ದ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ವಿಚಾರಣೆಯವರು ಕೇಳಿದಾಗ ನೀನು ನೆಲ ನೋಡಿದೆಯಂತೆ. ಅದರ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ ಇಟ್ಟಿದ್ದೇನೆ. ಅರ್ಜಿಗೆ ಲಗತ್ತಿಸು. ನಿನ್ನ ತಪ್ಪಿನ ತೂಕ ಅದರಿಂದ ಒಂದು ಕೂದಲಿನಷ್ಟೂ ಇಳಿಯದು.

ಊಟ ಬಿಡಬೇಡ.

ಕೆಂಪು ಪೆನ್ನಿನ
ನಿನ್ನ ಅಮ್ಮ

ಮರೆತಂತೆ ನಟಿಸಿ ಕೊನೆಗುಳಿಸಿದ್ದು: ಆ ಹಾಳೆಯಲ್ಲಿರುವುದು ಇಷ್ಟೇ. ಆವತ್ತು ನಾಲ್ಕು ಗಂಟೆಗೆ ನಿನಗೆ ಫೋನ್ ಮಾಡಿದವಳು ನಾನು. ಅಚ್ಚುಮನೆಯ ಬೈಂಡರ್ ಒಬ್ಬರ ನಿವೃತ್ತಿಗೆ ಕಟ್ಟಿದ ಪದ್ಯ ಓದಲು. ‘ಹಾಳೆಗೆ ಹಾಳೆಯ ಅಂಟು, ನಮಗೋ ನಿಮ್ಮ ನಂಟು’. ಅಮ್ಮಾ, ರೌಂಡ್ಸ್ ಇದೆ, ಇಡ್ಲಾ ಅಂದೆ ನೀನು. ಇನ್ನೆರಡೇ ಸಾಲು ಕಣೇ ಅಂದೆ ನಾನು. ವಿಚಾರಣೆಯ ಬಾಗಿಲಲ್ಲಿ, ಫೋನಿನ ಮಾತು ಎತ್ತಬೇಡ, ನಿನಗೇ ತೊಂದರೆ ಅಂದವಳೂ ನಾನೇ. ನನ್ನ ಮುಖ ಉಳಿಸಿಕೊಂಡೆ.

ಈಗ ನಿಮ್ಮಪ್ಪ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾರೆ. ಗಡಿಯಾರ ಹಿಡಿದು ಅವರ ಉಸಿರು ಎಣಿಸಿದೆ. ಹದಿನಾರು. ಒಂದು ನಿಮಿಷ ಬಲು ಉದ್ದ ಕಣೇ. ಆವತ್ತು ನಾವು ಮಾತಾಡಿದ್ದು ಹನ್ನೊಂದು ನಿಮಿಷ. ಏಳನೇ ಹಾಸಿಗೆಯ ನಿಮಿಷ ಅದರೊಳಗೇ ಇತ್ತು.