ತಂಬಾಕು ತಿಕ್ಕಿದ ಕೈ

ಈ ಚೀಟಿಯನ್ನು ನಿಮ್ಮ ತಂಬಾಕಿನ ಡಬ್ಬಿಯ ಕೆಳಗೇ ಇಟ್ಟಿದ್ದೇನೆ. ಬೇರೆಲ್ಲಿಟ್ಟರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ನಿಮ್ಮ ಕಚೇರಿಯ ಗಾಜಿನ ಮನೆಯ ಟೊಮ್ಯಾಟೊ ಎಲೆಗಳಲ್ಲಿ ಹಳದಿ ಮಚ್ಚೆ ಎದ್ದಾಗ, "ರಂಗೂಬಾಯಿ ಹೊರಗಾದಾಗ ಮುಟ್ಯಾಳ, ಅದಕ್ಕ ಹಿಂಗಾಗೇದ" ಎಂದು ಅಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ಆ ಬಡವಿಯನ್ನು ಕೆಲಸದಿಂದ ತೆಗೆದಿರಿ. ಕೃಷಿ ಪದವೀಧರರು!

ಹಿತ್ತಲಲ್ಲಿ ನಾನು ಕುಂಡಗಳಲ್ಲಿ ಎಂಟು ಟೊಮ್ಯಾಟೊ ಸಸಿ ಬೆಳೆಸಿದ್ದು ಸಾರಿಗಲ್ಲ. ಹೋದ ತಿಂಗಳು ಹೊರಗೆ ಕೂತ ಮೂರೂ ದಿನ ನಾಲ್ಕನ್ನು ಬೇಕೆಂದೇ ಮುಟ್ಟಿದೆ. ಹಚ್ಚಗೆ ನಿಂತಿವೆ. ಉಳಿದ ನಾಲ್ಕರ ಕುಡಿಗಳನ್ನು ನೀವು ತಂಬಾಕು ತಿಕ್ಕಿದ ಕೈಯಿಂದಲೇ ಚಿವುಟಿದಿರಿ. "ಹಿಂಗ ಚಿವುಟಬೇಕು, ನೋಡು" ಎಂದು ಏನೂ ತಿಳಿಯದ ಅಡಾಣಿ ಹೆಂಡತಿಗೆ ಕಲಿಸಿದ್ದು ಬೇರೆ. ಹನ್ನೆರಡು ದಿನಕ್ಕೆ ನಾಲ್ಕಕ್ಕೂ ಅದೇ ಮಚ್ಚೆ ಬಂತು.

ಈ ರೋಗ ತಂಬಾಕಿನಿಂದ ಕೈಗಂಟಿ ಗಿಡಕ್ಕೆ ಹೋಗುತ್ತದೆಂದು ನಿಮ್ಮ ಪುಸ್ತಕದಲ್ಲೇ ಇದೆ. ನೀವು ಅದರ ಮೇಲೆ ಸುಣ್ಣದ ಡಬ್ಬಿ ಇಡುತ್ತೀರಿ, ಅಷ್ಟೇ.

ಎಂಟೂ ಕುಂಡಗಳನ್ನು ಟಾಂಗಾದಲ್ಲಿಟ್ಟುಕೊಂಡು, ಬಿಬವೇವಾಡಿಯ ಅವಳ ಮನೆಯಿಂದ ರಂಗೂಬಾಯಿಯನ್ನೂ ಕರೆದುಕೊಂಡು ನಿಮ್ಮ ಸಾಹೇಬರ ಹತ್ತಿರ ಹೊರಟಿದ್ದೇನೆ.

ಇವತ್ತು ನಾನು ಮತ್ತೆ ಹೊರಗಾಗಿದ್ದೇನೆ. ಅಡುಗೆ ನೀವೇ ಮಾಡಿಕೊಳ್ಳಿರಿ. ಅಕ್ಕಿ ಮುಟ್ಟುವ ಮೊದಲು ಕೈಗೆ ಸಾಬೂನು ಹಚ್ಚಿರಿ.