ಬಾಯಿ ಮುಚ್ಚಿಸಿದ ಇಂಜಿನ್

ರೀ,

ನೀವು ತೀರಿಹೋದ ಮೇಲೆ ಇವತ್ತೇ ಮೊದಲ ಸಲ ನೀವು ಮಾಡಿದ ಇಂಜಿನ್ನಿನ ಪುಟ್ಟ ಟ್ಯಾಕ್ಸಿ ಹತ್ತಿದ್ದೆ. ಯೋಕೋಹಾಮಾದ ನೊಗೆ ಏರುದಾರಿಯ ನಡುವೆ ಏದುಸಿರು ಬಿಟ್ಟು ನಿಂತಿತು. ಅದರ ಎಂದಿನ ಟಿಕ್ ಟಿಕ್ ಸದ್ದೇ ಇರಲಿಲ್ಲ.

“ಆ ಸದ್ದು ಏನಾಯ್ತು?” ಎಂದೆ.

“ಗ್ಯಾರೇಜಲ್ಲಿ ವಾಲ್ವ್ ಬಿಗಿ ಮಾಡ್ಸಿ ಬಾಯಿ ಮುಚ್ಚಿಸ್ದೆ, ಅಮ್ಮಾ. ಸದ್ದು ಮಾಡಿದ್ರೆ ಗಿರಾಕಿಗಳು ಮೂಗು ಮುರೀತಾರೆ,” ಎಂದು ಚಾಲಕ ಹಲ್ಲು ಕಿರಿದ. “ಆದ್ರೂ ದರಿದ್ರ ಇಂಜಿನ್ನು. ಯಾವ ಪುಣ್ಯಾತ್ಮ ಮಾಡಿದ್ನೋ!”

ನನಗೆ ಮೈಯೆಲ್ಲ ಉರಿಯಿತು.

“ಆ ಪುಣ್ಯಾತ್ಮ ನನ್ನ ಗಂಡ ಕಣಯ್ಯಾ! ಹಳೇ ಇಂಜಿನ್ನಲ್ಲಿ ವಾಲ್ವ್ ಪಕ್ಕದಲ್ಲಿ ಅವಿತಿತ್ತು. ಇದ್ರಲ್ಲಿ ತಲೆ ಮೇಲಿದೆ, ಸದ್ದು ಕೇಳುತ್ತೆ. ಬಿಸಿಗೆ ಹಿಗ್ಗೋಕೆ ಚೂರು ಸಂದು ಬಿಟ್ರೇನೇ ಅದು ಸರಿಯಾಗಿ ಮುಚ್ಚೋದು. ಆ ಸಂದು ಮುಚ್ಚಿ ವಾಲ್ವ್ ಸುಟ್ಟು ಹಾಕಿದ್ದು ನೀನು, ಬೈಸಿಕೊಳ್ಳೋದು ಅವರಾ?”

ಬಾಗಿಲು ಧಡಾರನೆ ಹಾಕಿ ನಡೆದೇ ಬಂದೆ.

ಊಟಕ್ಕೆ ಕೂತರೆ ನೀವು ಇಂಜಿನ್ನಿನ ಅದೇ ಲಯದಲ್ಲಿ ಊಟದ ಕಡ್ಡಿಯಿಂದ ಅನ್ನದ ಬಟ್ಟಲು ಬಡಿಯುತ್ತಿದ್ದಿರಿ. ಬಟ್ಟಲು ಬಡಿದರೆ ಹಸಿದ ಪ್ರೇತಗಳು ಬಂದು ಕೂರುತ್ತವೆ ಎಂದು ನಾನು ಗದರಿ ಕಡ್ಡಿ ಕಿತ್ತುಕೊಳ್ಳುತ್ತಿದ್ದೆ.

ಇವತ್ತು ಎರಡು ಬಟ್ಟಲಿಗೆ ಅನ್ನ ಹಾಕಿಟ್ಟು, ನಾನೇ ಕಡ್ಡಿ ತೆಗೆದುಕೊಂಡು ಬಡಿದೆ. ಟಿಕ್ ಟಿಕ್, ಟಿಕ್ ಟಿಕ್. ಅನ್ನ ಆರುವವರೆಗೂ ಬಡಿದೆ.

ನಿಮ್ಮ ಫುಸಾಎ