ನೀವು ಆಟ ಬಿಟ್ಟ ಮರುದಿನ

ನೆಚ್ಚಿನ ಆಟಗಾರರಿಗೆ ನಮಸ್ಕಾರ.

ನಿನ್ನೆ ನೀವು ಕೊನೆಯ ಫುಟ್‌ಬಾಲ್ ಪಂದ್ಯ ಮುಗಿಸಿ, ಬೂಟು ಕೈಯಲ್ಲಿ ಹಿಡಿದು ಹೊರನಡೆದದ್ದನ್ನು ನಾನೂ ಅಪ್ಪನೂ ನಮ್ಮ ಹೊಲಿಗೆ ಅಂಗಡಿಯ ಟಿವಿಯಲ್ಲಿ ನೋಡಿದೆವು.

ಅಣ್ಣ ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ನಿಮ್ಮ ಆಟ ಬಿಟ್ಟು ಬೇರೆ ಮಾತೇ ಇರಲಿಲ್ಲ. ಅವನ ವಿಷಯ ಎತ್ತಲು ಇಬ್ಬರಿಗೂ ಬಾಯಿ ಬರುವುದಿಲ್ಲ. ನಿಮ್ಮ ಗೋಲು ತಪ್ಪಿದಾಗ ಮಾತ್ರ ಅಪ್ಪ ಕತ್ತರಿ ಕೆಳಗಿಟ್ಟು, "ಲೋ ಕತ್ತೆ, ಕಣ್ಣು ಎಲ್ಲಿಟ್ಟಿದ್ಯೋ?" ಎಂದು ಕೂಗುತ್ತಿದ್ದರು. ಅಣ್ಣನನ್ನು ಬೈಯುತ್ತಿದ್ದದ್ದೂ ಹೀಗೆಯೇ.

"ಪಾಪ, ಕಾಲು ನೋವಿರಬೇಕು ಬಿಡಪ್ಪಾ" ಎಂದು ನಾನು ನಿಮ್ಮ ಪರ ವಹಿಸುತ್ತಿದ್ದೆ.

"ನೀನೇ ಅವನನ್ನ ತಲೆ ಮೇಲೆ ಕೂರಿಸ್ಕೊಂಡಿರೋದು!"

ಅಷ್ಟು ಹೊತ್ತು ನಾವು ಮೂವರಿದ್ದಂತೆ ಇರುತ್ತಿತ್ತು.

ನಿನ್ನೆ ಅಪ್ಪ ಬೈಯಲಿಲ್ಲ. "ಹೋದ" ಎಂದಷ್ಟೇ ಹೇಳಿ ಟಿವಿ ಆರಿಸಿದರು. ಇವತ್ತು ಸಂಜೆಯವರೆಗೂ ಅಂಗಡಿಯಲ್ಲಿ ಮೆಷಿನುಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ನೀವು ದಣಿದಿದ್ದೀರಿ, ಮತ್ತೆ ಆಡಿ ಎಂದು ಕೇಳುವುದಿಲ್ಲ. ಸಾಧ್ಯವಾದರೆ ಟಿವಿಯಲ್ಲಿ ವೀಕ್ಷಕ ವಿವರಣೆ ಹೇಳಲು ಬನ್ನಿ. ಚೆನ್ನಾಗಿ ಮಾತಾಡಬೇಕೆಂದೇನಿಲ್ಲ. ಸ್ವಲ್ಪ ತಪ್ಪು ಮಾತಾಡಿದರೆ ಇನ್ನೂ ಒಳ್ಳೆಯದು, ಅಪ್ಪ ಬಾಯಿ ಬಿಡುತ್ತಾರೆ.

ಮೊಣಕಾಲು ಜೋಪಾನ.

ಇಂತಿ,
ಟೈಲರ್ ಮಗಳು